ಗಾಳದ ಕೋಲಿನ ಬಾಗು, ಬಾಳಿಕೆ

ನಮಸ್ಕಾರ ಕೇಳುಗರೇ.

ಬೆಳಗಿನ ಜಾವ 5 ಗಂಟೆ. ಅಮೆರಿಕದ ಮಿಷಿಗನ್ ಸರೋವರದ ಮೇಲೆ ಒಂದು ದೋಣಿ ಮೆಲ್ಲಗೆ ಸಾಗುತ್ತಿದೆ. ಗಂಟೆಗೆ 4 ಕಿಲೋಮೀಟರ್, ನಾವು ನಡೆಯುವಷ್ಟೇ ವೇಗ. ಹಿಂಬದಿಯಲ್ಲಿ 6 ಗಾಳದ ಕೋಲುಗಳನ್ನು ಹೋಲ್ಡರುಗಳಲ್ಲಿ ಸಿಕ್ಕಿಸಿದ್ದಾರೆ. ಒಂದೂ ಯಾರ ಕೈಯಲ್ಲೂ ಇಲ್ಲ. ಎರಡು ಕೋಲುಗಳ ತುದಿಯಂತೂ ನೀರಿಗೆ ತಾಗುತ್ತದೇನೋ ಅನ್ನುವಷ್ಟು ಬಗ್ಗಿದೆ. ಗಂಟೆಗಟ್ಟಲೆ ಹಾಗೇ ಇರುತ್ತದೆ. ಹೀಗೆ ದೋಣಿ ನಡೆಸುತ್ತಾ, ಲ್ಯೂರ್ ಎಂಬ ಹುಸಿ ಎರೆಯನ್ನು ಹಿಂದೆ ಎಳೆಯುತ್ತಾ ಸಾಲ್ಮನ್, ಟ್ರೌಟ್ ಹಿಡಿಯುವುದಕ್ಕೆ ಟ್ರೋಲಿಂಗ್ ಅನ್ನುತ್ತಾರೆ.

ಇವತ್ತು ನಾನು ಮಾತಾಡುವುದು ಆ ಕೋಲುಗಳ ಬಗ್ಗೆ. ರೀಲು, ದಾರ, ಬಣ್ಣಬಣ್ಣದ ಲ್ಯೂರು, ಇವುಗಳ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಕೋಲನ್ನು ಮಾತ್ರ ಕೈಗೆ ಸಿಕ್ಕಿದ್ದು ತಂದು, ಸಿಕ್ಕಿದ ಮೂಲೆಯಲ್ಲಿ ನಿಲ್ಲಿಸುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಮೀನು ದೋಣಿಗೆ ಬರುವುದೋ ಬಿಡುವುದೋ, ಅದು ಬಹಳ ಮಟ್ಟಿಗೆ ಕೋಲಿನ ಬಾಗಿನಲ್ಲೇ ಇದೆ.

ಮಿಷಿಗನ್ ಸೇರಿದ, ಗ್ರೇಟ್ ಲೇಕ್ಸ್ ಎನ್ನುವ ಈ ದೊಡ್ಡ ಸರೋವರಗಳಲ್ಲಿ ಮೊದಲು ಪೆಸಿಫಿಕ್ ಸಾಗರದ ಸಾಲ್ಮನ್ ಇರಲಿಲ್ಲ. 1966ರಲ್ಲಿ ಮಿಷಿಗನ್ ರಾಜ್ಯದ ಮೀನು ವಿಭಾಗ, ಹೊವರ್ಡ್ ಟ್ಯಾನರ್ ಅವರ ಮುಂದಾಳತ್ವದಲ್ಲಿ, ಕೋಹೋ ಸಾಲ್ಮನ್ ಮರಿಗಳನ್ನು ಇಲ್ಲಿನ ಹೊಳೆಗಳಿಗೆ ಬಿಟ್ಟಿತು. ಮರುವರ್ಷ ಚಿನೂಕ್ ಎಂಬ ಇನ್ನೊಂದು ಸಾಲ್ಮನ್ ಬಂತು. ಸಾಗರದಿಂದ ಒಳಗೆ ಬಂದು ಸೇರಿಕೊಂಡಿದ್ದ ಏಲ್‌ವೈಫ್ ಎಂಬ ಸಣ್ಣ ಮೀನು ಆಗ ವಿಪರೀತ ಹೆಚ್ಚಿತ್ತು. ಅದನ್ನು ತಿಂದು ಈ ಸಾಲ್ಮನ್‌ಗಳು ಬೇಗ ಬೆಳೆದವು. ಆದರೆ ಸಾಲ್ಮನ್‌ಗೆ ತಣ್ಣನೆಯ ನೀರು ಬೇಕು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದ ಕೂಡಲೇ ಮೀನು ಆಳಕ್ಕೆ ಇಳಿದುಬಿಡುತ್ತದೆ. ಲ್ಯೂರನ್ನೂ ಅಲ್ಲಿಗೇ ಇಳಿಸಬೇಕು, ಅಲ್ವಾ? ಅದಕ್ಕೇ ಡೌನ್‌ರಿಗರ್ ಇರುವುದು. 10–12 ಪೌಂಡಿನ ಒಂದು ಗುಂಡನ್ನು ತಂತಿಯಲ್ಲಿ ಕಟ್ಟಿ ಆಳಕ್ಕೆ ಬಿಡುತ್ತಾರೆ. ನಮ್ಮ ಗಾಳದ ದಾರವನ್ನು ಒಂದು ಕ್ಲಿಪ್ಪಿನಿಂದ ಅದಕ್ಕೆ ಸಿಕ್ಕಿಸಿರುತ್ತಾರೆ. ಆಮೇಲೆ ದಾರವನ್ನು ಬಿಗಿಯಾಗಿ ಸುತ್ತಿ ಕೋಲನ್ನು ಬಿಲ್ಲಿನ ಹಾಗೆ ಬಗ್ಗಿಸಿ ಇಡುತ್ತಾರೆ.

ಮೀನು ಲ್ಯೂರನ್ನು ಕಚ್ಚಿ ಎಳೆಯಿತು ಅಂದುಕೊಳ್ಳಿ. ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಆ ಕ್ಷಣ ದೋಣಿಗೂ ಮೀನಿಗೂ ನಡುವೆ ದಾರ ಸಡಿಲವಾಗುತ್ತದೆ. ಬಗ್ಗಿದ್ದ ಕೋಲು ಚಿಮ್ಮಿ ನೆಟ್ಟಗಾಗುತ್ತಾ ಆ ಸಡಿಲವನ್ನು ಎಳೆದುಕೊಳ್ಳುತ್ತದೆ. ಕೋಲು ಗಡುಸಾಗಿದ್ದರೆ ಅದು ಬಗ್ಗಿರುವುದೇ ಕಡಿಮೆ, ಎಳೆದುಕೊಳ್ಳುವುದೂ ಕಡಿಮೆ. ಯಾರಾದರೂ ಓಡಿ ಬಂದು ಕೋಲು ಎತ್ತಿಕೊಳ್ಳುವ ಹೊತ್ತಿಗೆ ಮೀನು ಹೋಗಿರುತ್ತದೆ. ಆದ್ದರಿಂದ ಡೌನ್‌ರಿಗರ್‌ಗೆ ಎಂಟೂವರೆಯಿಂದ 9 ಅಡಿಯ, ತುದಿಯಿಂದ ನಡುವಿನ ತನಕ ಮೆತ್ತಗೆ ಬಾಗುವ ಕೋಲು ಬೇಕು. ಬುಡದಲ್ಲಿ ಮಾತ್ರ ಗಟ್ಟಿತನ ಇರಲಿ. 10 ಕಿಲೋ ದಾಟಿದ ಚಿನೂಕ್ ಆಳಕ್ಕೆ ಧುಮುಕಿದಾಗ ಅದನ್ನು ತಡೆದು ಎತ್ತುವುದು ಆ ಬುಡವೇ.

ಮೆತ್ತನೆಯ ಕೋಲಿಗೆ ಇನ್ನೊಂದು ಕಾರಣವೂ ಇದೆ. ಕೋಹೋ ಮೀನಿನ ಬಾಯಿ ಮೃದು. ಅದು ತಿರುಗಿ ತಲೆ ಒದರುವಾಗ ಗಡುಸು ಕೋಲು ಪ್ರತಿ ಸಲವೂ ಜಗ್ಗುತ್ತದೆ, ಕೊಕ್ಕೆ ಕಿತ್ತು ಬರುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಡಲಿನಲ್ಲಿ ಸಾಲ್ಮನ್ ಹಿಡಿಯುವವರನ್ನು ನೋಡಿ. ಅಲ್ಲಿ ಹಿಮ್ಮುಳ್ಳು ಇಲ್ಲದ ಕೊಕ್ಕೆಯನ್ನೇ ಬಳಸಬೇಕು ಅನ್ನುವುದು ಕಾನೂನು. ದಾರ ಒಂದು ಕ್ಷಣ ಸಡಿಲವಾದರೂ ಮೀನು ಕಳಚಿಕೊಳ್ಳುತ್ತದೆ. ಹಾಗಾಗಿ ಅವರು ಹತ್ತೂವರೆ ಅಡಿಯ, ಮೂಚಿಂಗ್ ಕೋಲು ಅನ್ನುವ ಬಳುಕುವ ಕೋಲುಗಳನ್ನು ಇಷ್ಟಪಡುತ್ತಾರೆ. ಉದ್ದನೆಯ ಬಾಗು ದಾರವನ್ನು ಬಿಗಿಯಲ್ಲೇ ಇಟ್ಟಿರುತ್ತದೆ.

ಇನ್ನು ಕೋಲು ಯಾವುದರಿಂದ ಮಾಡಿದ್ದು? ಫೈಬರ್‌ಗ್ಲಾಸ್, ಗ್ರಾಫೈಟ್, ಎರಡೂ ಸೇರಿದ್ದು, ಹೀಗೆ ಮೂರು ಬಗೆ ಸಿಗುತ್ತದೆ. ಗ್ರಾಫೈಟ್ ಹಗುರ, ಚುರುಕು. ಕೈಯಲ್ಲಿ ಹಿಡಿದು ದಿನವಿಡೀ ಎಸೆಯುವವರಿಗೆ ಅದು ವರ. ಟ್ರೋಲಿಂಗ್‌ನಲ್ಲಿ ಕೋಲಿನ ಭಾರ ಹೊರುವುದು ಹೋಲ್ಡರ್, ನಮ್ಮ ಕೈ ಅಲ್ಲ. ಹಾಗಿರುವಾಗ ಹಗುರತನಕ್ಕೆ ಜಾಸ್ತಿ ದುಡ್ಡು ಕೊಡುವುದು ಯಾಕೆ? ಗ್ಲಾಸ್ ಹೆಚ್ಚಿರುವ ಕೋಲು ನಿಧಾನವಾಗಿ, ಆಳವಾಗಿ ಬಾಗುತ್ತದೆ, ಪೆಟ್ಟು ತಡೆದುಕೊಳ್ಳುತ್ತದೆ. ನನ್ನ ಆಯ್ಕೆ ಅದೇ. ಮತ್ತೊಂದು ಮಾತು ನೆನಪಿರಲಿ: ಗ್ರಾಫೈಟ್ ವಿದ್ಯುತ್ತನ್ನು ಹರಿಸುತ್ತದೆ. ಗುಡುಗು ಕೇಳಿಸಿದರೆ ಕೋಲುಗಳನ್ನೆಲ್ಲ ಅಡ್ಡ ಮಲಗಿಸಿ ದಡಕ್ಕೆ ಹೊರಡಿ. ಇನ್ನೊಂದು ಮೀನು ನೋಡೋಣ ಅಂತ ನಿಲ್ಲಬೇಡಿ.

ಅಂಗಡಿಯಲ್ಲಿ ಕೋಲನ್ನು ಸುಮ್ನೆ ಗಾಳಿಯಲ್ಲಿ ಅಲ್ಲಾಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ರೀಲನ್ನು ತೆಗೆದುಕೊಂಡು ಹೋಗಿ. ಅದನ್ನು ಕೂರಿಸಿ, ದಾರವನ್ನು ಎಲ್ಲ ಉಂಗುರಗಳಲ್ಲಿ ಪೋಣಿಸಿ, ಜೊತೆಯಲ್ಲಿರುವವರಿಗೆ ಮೆಲ್ಲಗೆ ಎಳೆಯಲು ಹೇಳಿ. ನೀವು ಪಕ್ಕದಲ್ಲಿ ನಿಂತು ನೋಡಿ. ಬಾಗು ಎಲ್ಲೂ ಕುಗ್ಗದೆ ಒಂದೇ ಸಮ ಇಳಿದು ಬರಬೇಕು. ಎರಡು ಉಂಗುರಗಳ ನಡುವೆ ದಾರ ಕೋಲಿಗೆ ಉಜ್ಜಬಾರದು. ಉಜ್ಜಿದರೆ ಉಂಗುರ ಕಡಿಮೆಯಾಯಿತು ಅಂತ ಅರ್ಥ. ಹಿಡಿಯ ಬುಡ ನಿಮ್ಮ ದೋಣಿಯ ಹೋಲ್ಡರಿನಲ್ಲಿ ಕೂರುತ್ತದಾ, ಮೀನು ಎಳೆಯುತ್ತಿರುವಾಗಲೂ ಸಲೀಸಾಗಿ ಹೊರಗೆ ಬರುತ್ತದಾ ಅಂತಲೂ ಅಳೆದು ನೋಡಿ.

ಡೈವರ್ ಬಳಸುವವರಿಗೆ ಬೇರೆ ಕೋಲು ಬೇಕು. ಡೈವರ್ ಅಂದರೆ ನೀರಿನ ಒತ್ತಡದಿಂದಲೇ ಕೆಳಕ್ಕೂ ಪಕ್ಕಕ್ಕೂ ಸರಿಯುವ ಬಿಲ್ಲೆ. ಅದು ಬಹಳ ಜೋರಾಗಿ ಎಳೆಯುತ್ತದೆ. ಇಲ್ಲಿ 9ರಿಂದ 10 ಅಡಿಯ ಗಟ್ಟಿ ಕೋಲೇ ಸರಿ. ಉದ್ದ ಇದ್ದಷ್ಟೂ ಅದರ ದಾರ ಡೌನ್‌ರಿಗರ್ ದಾರದಿಂದ ದೂರ ಇರುತ್ತದೆ, ಸಿಕ್ಕುಗಟ್ಟುವುದಿಲ್ಲ. ಒಳಗೆ ಸೀಸ ಇರುವ ಲೆಡ್‌ಕೋರ್ ದಾರ ದಪ್ಪ, ಅದಕ್ಕೆ ದೊಡ್ಡ ಉಂಗುರ ಬೇಕು. ಲೋಹದ ತಂತಿ ಬಿಡುವವರು ತುದಿಯಲ್ಲಿ ರೋಲರ್ ಇರುವ ಕೋಲು ತೆಗೆದುಕೊಳ್ಳಲಿ. ಮಾಮೂಲಿ ಉಂಗುರವನ್ನು ತಂತಿ ಕೊರೆದು ಗೀರು ಮಾಡುತ್ತದೆ. ಯಾವುದೇ ಆಗಲಿ, ಒಂದೇ ಬಗೆಯ ಕೋಲನ್ನು ಜೋಡಿಯಾಗಿ ಕೊಳ್ಳಿ. ಎಡಕ್ಕೊಂದು, ಬಲಕ್ಕೊಂದು. ಎರಡೂ ಒಂದೇ ಥರ ಬಗ್ಗಿದ್ದಾಗ, ಒಂದರ ತುದಿಯಲ್ಲಿ ಏನೋ ಬದಲಾಯಿತು ಅಂದರೆ ಕಣ್ಣಿಗೆ ತಟ್ಟನೆ ಬೀಳುತ್ತದೆ. ಕಸ ಸಿಕ್ಕಿರಬಹುದು, ಸಣ್ಣ ಮೀನೊಂದು ಕ್ಲಿಪ್ ಬಿಡಿಸದೆ ಹಾಗೇ ಎಳೆಸಿಕೊಂಡು ಬರುತ್ತಿರಬಹುದು.

ಮಿಷಿಗನ್ ರಾಜ್ಯದಲ್ಲಿ ಒಬ್ಬರು 3 ಕೋಲು ಬಳಸಬಹುದು. ಮೂವರು ಹೊರಟರೆ 9 ಕೋಲು. ಒಂದೊಂದೂ ಆಳೆತ್ತರಕ್ಕಿಂತ ಉದ್ದ. ಇವನ್ನು ಎಲ್ಲಿ ಇಡುತ್ತೀರಿ?

ಕೋಲು ಮೀನಿನಿಂದ ಮುರಿಯುವುದು ಅಪರೂಪ. ಕಾರಿನ ಬಾಗಿಲಿಗೆ ಸಿಕ್ಕಿ, ಕಾಲಡಿ ಬಿದ್ದು, ಗ್ಯಾರೇಜಿನ ಶಟರ್ ಕೆಳಗೆ ಸಿಲುಕಿ ಮುರಿಯುತ್ತದೆ. ನನ್ನ ಒಂದು ಒಳ್ಳೆಯ ಕೋಲು ಹೋದದ್ದು ಇನ್ನೂ ಬೇರೆ ರೀತಿ. ಸೀಸದ ಗುಂಡೊಂದು ಜಾರಿ ಅದಕ್ಕೆ ತಗುಲಿತ್ತು. ಮೇಲೆ ಸಣ್ಣ ಕಲೆ ಬಿಟ್ಟರೆ ಏನೂ ಕಾಣಲಿಲ್ಲ. ಎರಡು ತಿಂಗಳ ನಂತರ ಸಾಧಾರಣ ಟ್ರೌಟ್ ಒಂದು ಎಳೆದಾಗ ಸರಿಯಾಗಿ ಅಲ್ಲೇ ಪಟ್ ಅಂತ ಮುರಿಯಿತು. ಗ್ರಾಫೈಟ್ ಒಳಪೆಟ್ಟನ್ನು ಹೀಗೆ ಬಚ್ಚಿಟ್ಟುಕೊಂಡಿರುತ್ತದೆ. ಅಂದಿನಿಂದ ಗುಂಡುಗಳ ಡಬ್ಬಿಯನ್ನು ಕೋಲುಗಳ ಹತ್ತಿರ ಇಡುವುದೇ ಇಲ್ಲ.

ದೋಣಿ ಜೋರಾಗಿ ಓಡುವಾಗ ಕೋಲುಗಳು ಹೋಲ್ಡರಿನಲ್ಲಿ ನಿಂತಿರಬಾರದು. ಪ್ರತಿ ಅಲೆಗೂ ಅವು ಕುಣಿಯುತ್ತವೆ, ರೀಲಿನ ಭಾರಕ್ಕೆ ಬುಡ ತಿರುಚಿಕೊಳ್ಳುತ್ತದೆ. ದೋಣಿಯ ಒಳಬದಿಯಲ್ಲಿ ಅಡ್ಡಲಾಗಿ ಸ್ಟ್ಯಾಂಡ್ ಹಾಕಿಸಿ ಮಲಗಿಸಿ, ಪಟ್ಟಿಯಿಂದ ಬಿಗಿಯಿರಿ. ಒಂದೊಂದಕ್ಕೂ ಬಟ್ಟೆಯ ಚೀಲ ತೊಡಿಸಿದರೆ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಲ್ಯೂರಿನ ಕೊಕ್ಕೆಯನ್ನು ಉಂಗುರಕ್ಕೆ ಸಿಕ್ಕಿಸಿ ಬಿಗಿ ಮಾಡುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬೇಡ. ಉಂಗುರದ ಒಳಗಿನ ಸೆರಾಮಿಕ್ ಬಳೆ ಬಿರುಕು ಬಿಡುತ್ತದೆ. ಆ ಬಿರುಕು ಮುಂದೆ ದಾರವನ್ನು ಗರಗಸದಂತೆ ಕೊಯ್ಯುತ್ತದೆ.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ಈ ಸರೋವರಗಳಲ್ಲಿ ಮುಳ್ಳುಬಾಲದ ನೀರುಚಿಗಟಗಳು ದಾರದ ಮೇಲೆ ಮುದ್ದೆಗಟ್ಟಿ ತುದಿಯ ಉಂಗುರವನ್ನೇ ಮುಚ್ಚಿಬಿಡುತ್ತವೆ. ಹೊರಗಿನಿಂದ ಬಂದು ಹಬ್ಬಿದ ಜೀವಿ ಅದು. ತೊಳೆದು ಪೂರ್ತಿ ಒಣಗಿಸದೆ ಬೇರೆ ಕೆರೆಗೆ ಒಯ್ದರೆ ಅಲ್ಲಿಗೂ ನಾವೇ ಹಬ್ಬಿಸಿದ ಹಾಗೆ. ಒದ್ದೆ ಕೋಲನ್ನು ಕೊಳವೆಯಲ್ಲಿ ಹಾಕಿ ಮುಚ್ಚಲೂಬಾರದು. ಮೇಲಿನ ಲೇಪ ಗುಳ್ಳೆ ಏಳುತ್ತದೆ, ಉಂಗುರದ ಕಾಲು ತುಕ್ಕು ಹಿಡಿಯುತ್ತದೆ.

ಚಳಿಗಾಲದ ತಿಂಗಳುಗಳಲ್ಲಿ ಗೋಡೆಗೆ ಓರೆಯಾಗಿ ಒರಗಿಸಿ ಇಡಬೇಡಿ. ಅದೇ ಕೊಂಕು ಕೋಲಿಗೆ ನಿಂತುಬಿಡುತ್ತದೆ. ಮಲಗಿಸುವುದಾದರೆ ಮೂರು ಕಡೆ ಆಸರೆ ಕೊಡಿ, ಇಲ್ಲವೇ ನೆಟ್ಟಗೆ ತೂಗುಹಾಕಿ. ಎರಡು ತುಂಡಿನ ಕೋಲಾದರೆ ಬಿಡಿಸಿ, ಜೋಡಣೆಯನ್ನು ಒರೆಸಿ, ಸ್ವಲ್ಪ ಮೇಣದ ಬತ್ತಿ ಸವರಿ ಇಡಿ. ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ರೀಲಿನ ಬಿಗಿಯನ್ನು, ಅಂದರೆ ಡ್ರ್ಯಾಗನ್ನು, ಪೂರ್ತಿ ಸಡಿಲಿಸಿ. ಬಿಸಿಲು ಬೀಳುವ ಜಾಗ, ಹೀಟರಿನ ಪಕ್ಕ ಎರಡೂ ಬೇಡ.

ವಸಂತದಲ್ಲಿ ಮೊದಲ ಸಲ ಹೊರಡುವ ಮುನ್ನ ಒಂದು ಚೂರು ಹತ್ತಿಯನ್ನು ಪ್ರತಿ ಉಂಗುರದ ಒಳಗೂ ಆಡಿಸಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕಿದೆ. ಆ ಉಂಗುರ ಬದಲಾಯಿಸಿಯೇ ಕೋಲನ್ನು ದೋಣಿಗೆ ಹತ್ತಿಸಿ.

ನಮಸ್ಕಾರ.