ಗಾಜಿನ ಅಕ್ಷರಗಳು

ಕೇಳುಗ ಬಂಧುಗಳಿಗೆ ನಮಸ್ಕಾರ. ಗಣಕದಲ್ಲಿ ಅಕ್ಷರಗಳನ್ನು ಗಾಜಿನಂತೆ ಮೂಡಿಸುವ ಬಗೆಯೇ ಇಂದಿನ ಮಾತು. ಸಾಧ್ಯವಿದ್ದವರು ಒಂದು ಗಾಜಿನ ಲೋಟದ ತುಂಬ ನೀರು ತಂದು ಎದುರಿಗೆ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಅದರ ಹಿಂದೆ ಒಂದು ಗೇಣು ದೂರದಲ್ಲಿ ವೃತ್ತಪತ್ರಿಕೆಯನ್ನು ಹಿಡಿದು ನೋಡಿದರೆ, ಶೀರ್ಷಿಕೆಯ ಅಕ್ಷರಗಳು ಎಡಬಲ ಅದಲುಬದಲಾಗಿ, ಅಂಚಿನ ಬಳಿ ಬಾಗಿ ಒತ್ತೊತ್ತಾಗಿ ಕಾಣುತ್ತವೆ. ಲೋಟದ ಒಂದು ಮಗ್ಗುಲಲ್ಲಿ ಕಿಟಕಿಯ ಬೆಳಕು ಬಿಳಿಯ ಗೀರಾಗಿ ನಿಂತಿರುತ್ತದೆ, ಅಂಚುಗಳು ಕಪ್ಪಾಗಿರುತ್ತವೆ. ತನ್ನದೆಂಬ ಬಣ್ಣವೇ ಇಲ್ಲದ ಗಾಜು ನಮ್ಮ ಕಣ್ಣಿಗೆ ಬೀಳುವುದು ಇವುಗಳ ಮೂಲಕ ಮಾತ್ರ. ಗಣಕದಲ್ಲಿ ಗಾಜನ್ನು ಮೂಡಿಸಲು ಹೊರಟವನು ಗಾಜನ್ನು ಬರೆಯುವುದಿಲ್ಲ, ಅದರ ಹಿಂದಿನ ಚಿತ್ರವನ್ನೂ ಅದರ ಮೇಲೆ ಬಿದ್ದ ಬೆಳಕನ್ನೂ ಬರೆಯುತ್ತಾನೆ.

ಇದು ನನಗೆ ತಡವಾಗಿ ತಿಳಿಯಿತು. ಮುಂಬೈಯ ಮಾಟುಂಗಾದಲ್ಲಿ ನಮ್ಮವರ ರಾಜ್ಯೋತ್ಸವದ ಆಮಂತ್ರಣಕ್ಕಾಗಿ, ರಾತ್ರಿಯ ಮರೀನ್ ಡ್ರೈವ್ ಚಿತ್ರದ ಮೇಲೆ ‘ಕನ್ನಡ’ ಎಂಬ ಪದವನ್ನು ಗಾಜಿನಲ್ಲಿ ನಿಲ್ಲಿಸಬೇಕೆಂದು ಆಸೆಪಟ್ಟು, ಅಕ್ಷರಗಳ ಒಪಾಸಿಟಿಯನ್ನು, ಎಂದರೆ ಅಪಾರದರ್ಶಕತೆಯನ್ನು, ನೂರರಿಂದ ಮೂವತ್ತಕ್ಕೆ ಇಳಿಸಿದೆ. ಬಂದದ್ದು ಗಾಜಲ್ಲ, ಮುಂಬೈಯ ಮಳೆಗಾಲದಲ್ಲಿ ಕಿಟಕಿಗೆ ಕಟ್ಟುವ ಪ್ಲಾಸ್ಟಿಕ್ ಹಾಳೆ. ಹಿಂದಿನ ದೀಪಗಳು ಒಂದಿಷ್ಟೂ ಬಾಗದೆ, ಇದ್ದಲ್ಲೇ ಮಂಕಾಗಿದ್ದುದೇ ಅದಕ್ಕೆ ಕಾರಣ. ಗಾಳಿಯಿಂದ ಗಾಜಿಗೆ ಓರೆಯಾಗಿ ನುಗ್ಗುವ ಬೆಳಕು ದಿಕ್ಕು ಬದಲಿಸುತ್ತದೆ. ಈ ಬಾಗುವಿಕೆಯ ಅಳತೆಯಾದ ವಕ್ರೀಭವನಾಂಕ ಸಾಧಾರಣ ಗಾಜಿಗೆ ಸುಮಾರು 1.5. ಆ ಬಾಗುವಿಕೆಯನ್ನು ಬಿಟ್ಟು ಪಾರದರ್ಶಕತೆಯೊಂದನ್ನೇ ಹಿಡಿದರೆ ಕಣ್ಣು ನಂಬುವುದಿಲ್ಲ.

ಬಾಗಿಸುವ ಕೆಲಸಕ್ಕೆ ಚಿತ್ರ ತಿದ್ದುವ ತಂತ್ರಾಂಶಗಳಾದ ಫೋಟೋಶಾಪ್‌ನಲ್ಲಿಯೂ, 1996ರಿಂದ ಉಚಿತವಾಗಿ ದೊರೆಯುತ್ತಿರುವ ಗಿಂಪ್‌ನಲ್ಲಿಯೂ ಡಿಸ್‌ಪ್ಲೇಸ್ ಎಂಬ ಫಿಲ್ಟರ್, ಎಂದರೆ ಚಿತ್ರದ ಬಿಂದುಗಳನ್ನು ಸರಿಸುವ ಸಾಧನ, ಇದೆ. ಅದಕ್ಕೆ ಬೂದುಬಣ್ಣದ ಒಂದು ನಕ್ಷೆಯನ್ನು ಒದಗಿಸಬೇಕು. ಕಪ್ಪಿಗೆ 0, ಬಿಳಿಗೆ 255 ಎಂದು ಎಣಿಸುವಾಗ ನಡುವಿನ 128ರ ಬೂದು ಇರುವಲ್ಲಿ ಚಿತ್ರ ಕದಲುವುದಿಲ್ಲ. ಅದಕ್ಕಿಂತ ತಿಳಿಯಾದ ಕಡೆ ಒಂದು ದಿಕ್ಕಿಗೂ ಗಾಢವಾದ ಕಡೆ ಎದುರು ದಿಕ್ಕಿಗೂ ಸರಿಯುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳನ್ನು ಬರೆದು, ಚಿತ್ರವನ್ನು ಮಸುಕಾಗಿಸುವ ಗಾಸಿಯನ್ ಬ್ಲರ್‌ನಿಂದ ಅಂಚನ್ನು ಮೆದುಗೊಳಿಸಿ, ಉಬ್ಬಿದಂತೆ ತೋರಿಸುವ ಎಂಬಾಸ್ ಮಾಡಿದರೆ ಸಮತಟ್ಟಾದ ಭಾಗವೆಲ್ಲ ನಡುಬೂದಾಗಿ ಉಳಿದು ಅಂಚುಗಳು ಮಾತ್ರ ತಿಳಿಯೂ ಗಾಢವೂ ಆಗುತ್ತವೆ. ನಮಗೆ ಬೇಕಾದ ನಕ್ಷೆ ಇದೇ. ಫೋಟೋಶಾಪ್ ಬಳಸುವವರು ಇದನ್ನು ಪಿಎಸ್‌ಡಿ ಕಡತವಾಗಿ ಬೇರೆ ಉಳಿಸಿಕೊಳ್ಳಬೇಕು. ಬಳಿಕ ಹಿನ್ನೆಲೆಯ ಲೇಯರ್‌ನ, ಎಂದರೆ ಚಿತ್ರದ ಪದರದ, ಒಂದು ನಕಲನ್ನು ಮಾಡಿಕೊಂಡು, ಅದರ ಮೇಲೆ ಈ ಫಿಲ್ಟರನ್ನು ನಡೆಸಿ, ಅಕ್ಷರದ ಆಕಾರದಷ್ಟೇ ಕಾಣುವಂತೆ ಮಾಸ್ಕ್ ಹಾಕಿದಾಗ ಮರೀನ್ ಡ್ರೈವ್‌ನ ದೀಪಗಳು ‘ಕ’ದ ಅಂಚಿನಲ್ಲಿ ಬಾಗಿ ಹರಿಯತೊಡಗಿದವು. ಆ ಗಳಿಗೆಯ ಸಂತೋಷ ನನಗೆ ಇಂದಿಗೂ ನೆನಪಿದೆ. ಹಿನ್ನೆಲೆಯಲ್ಲಿ ದೀಪವೋ ಗೆರೆಯೋ ಕಂಬವೋ ಏನಾದರೂ ಇರಲೇಬೇಕು. ಬರಿಯ ನೀಲಿಯ ಮೇಲೆ ಬಾಗುವುದಕ್ಕೆ ಏನೂ ಇರುವುದಿಲ್ಲ.

ಬೆಳಕಿನ ಗೀರುಗಳಿಗೆ ಅಂಚನ್ನು ಇಳಿಜಾರಾಗಿ ತೋರಿಸುವ ಬೆವೆಲ್ ಸಾಧನವನ್ನು, ಕೆಳಗಿನ ಚಿತ್ರವನ್ನು ತಿಳಿಗೊಳಿಸುವ ಸ್ಕ್ರೀನ್ ಮೋಡ್‌ನಲ್ಲಿ ಬಳಸುವುದು ವಾಡಿಕೆ. ಫೋಟೋಶಾಪ್‌ನಲ್ಲಿ ಒಪಾಸಿಟಿಯ ಬದಲು ಫಿಲ್ ಎಂಬುದನ್ನು ಸೊನ್ನೆಗೆ ಇಳಿಸಿದರೆ ಅಕ್ಷರದ ಬಣ್ಣ ಮಾಯವಾಗಿ ಅದರ ಅಂಚಿನ ಬೆಳಕೂ ನೆರಳೂ ಉಳಿಯುತ್ತವೆ. ಆದರೆ ಕೈ ಬಿಗಿಹಿಡಿಯಬೇಕು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದು ಮೈ ಹಿಂದಿರುಗಿಸುವುದು ನೂರಕ್ಕೆ ಸುಮಾರು 4 ಪಾಲು ಮಾತ್ರ. ಓರೆ ಹೆಚ್ಚಿದಂತೆ ಪ್ರತಿಫಲನವೂ ಹೆಚ್ಚುತ್ತದೆ. ಹಾಗಾಗಿ ಹೊಳಪು ಅಂಚಿಗೆ ಸೇರಿದ್ದು, ಅಕ್ಷರದ ನಡುಭಾಗಕ್ಕಲ್ಲ. ಎಲ್ಲ ಅಕ್ಷರಗಳಿಗೂ ಬೆಳಕು ಒಂದೇ ದಿಕ್ಕಿನಿಂದ ಬರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಲಿಪಿಗೆ ಈ ಕಲೆ ಒಗ್ಗುವಷ್ಟು ನೇರಗೆರೆಗಳ ಲಿಪಿಗಳಿಗೆ ಒಗ್ಗುವುದಿಲ್ಲವೆಂದು ನಾನು ನಂಬಿದ್ದೇನೆ. ದುಂಡನೆಯ ‘ನ’ದ ಬೆನ್ನಿನ ಮೇಲೆ ಬೆಳಕು ತುಂಡಾಗದೆ ಜಾರುತ್ತದೆ. ತೊಂದರೆ ಬರುವುದು ಒತ್ತಕ್ಷರಗಳಲ್ಲಿ. ಮೇಲಿನ ‘ನ’ಕ್ಕೆ ಹೊಂದುವ ಬೆವೆಲ್‌ನ ಅಗಲ ಅದರ ಕೆಳಗಿನ ಪುಟ್ಟ ಒತ್ತಿನ ಒಡಲನ್ನೆಲ್ಲ ನುಂಗಿಬಿಡುತ್ತದೆ. ಆದ್ದರಿಂದ ಬರಹವನ್ನು ಆಕಾರವಾಗಿ ಮಾರ್ಪಡಿಸಿ, ಒತ್ತುಗಳನ್ನು ಬೇರೆ ಲೇಯರ್‌ಗೆ ಎತ್ತಿ, ಅವುಗಳಿಗೆ ಅರ್ಧದಷ್ಟೇ ಬೆವೆಲ್ ಕೊಡುವುದು ನನ್ನ ಪದ್ಧತಿ. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಓದಲಾಗದ ಕನ್ನಡವನ್ನು ಎಷ್ಟು ಹೊಳೆಯಿಸಿ ಏನು ಪ್ರಯೋಜನ?

ಬಣ್ಣದ ಗಾಜು ಬೇಕಾದವರು 1878ರಲ್ಲಿ ಪೂರ್ಣಗೊಂಡ, ಮುಂಬೈಯ ರಾಜಾಬಾಯಿ ಗೋಪುರದ ಕೆಳಗಿರುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಿಟಕಿಗಳನ್ನೊಮ್ಮೆ ನೋಡಬೇಕು. ಬಣ್ಣದ ಗಾಜು ಬೆಳಕನ್ನು ಸೇರಿಸುವುದಿಲ್ಲ, ಸೋಸಿ ಕಳೆಯುತ್ತದೆ. ಅದಕ್ಕೆ ಕೆಳಗಿನ ಚಿತ್ರವನ್ನು ಗಾಢಗೊಳಿಸುವ ಮಲ್ಟಿಪ್ಲೈ ಮೋಡ್ ತಕ್ಕದ್ದು. ಸಾದಾ ಗಾಜಿಗೂ ಅಂಚಿನಲ್ಲಿ ತುಸು ಹಸಿರು ಸೇರಿಸಿ, ಏಕೆಂದರೆ ಕಿಟಕಿಗಾಜಿನಲ್ಲಿರುವ ಅಲ್ಪ ಕಬ್ಬಿಣದ ಅಂಶ ಅಂಚಿನಿಂದ ನೋಡಿದಾಗ ಹಸಿರಾಗಿಯೇ ಕಾಣುತ್ತದೆ.

ಮುದ್ರಣಕ್ಕೆ ಕೊಡುವವರಿಗೆ ಇನ್ನೊಂದು ಮಾತು. ಪರದೆಯ ಮೇಲೆ ಹೊಳೆಯುವ ಗೀರು ಮುದ್ರಣದಲ್ಲಿ ಕಾಗದದ ಬಿಳುಪಿಗಿಂತ ಹೆಚ್ಚು ಬೆಳಗಲಾರದು. ಗಾಜು ಹೊಳೆಯಬೇಕಾದರೆ ಅದರ ಸುತ್ತಲಿನ ಚಿತ್ರವನ್ನೇ ಸ್ವಲ್ಪ ಗಾಢಗೊಳಿಸಬೇಕು. ಮುದ್ರಕರಿಂದ ಒಂದೇ ಒಂದು ಮಾದರಿ ಹಾಳೆಯನ್ನು ಮೊದಲು ತೆಗೆಸಿ, ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲದೆ ಹೊರಗಿನ ಹಗಲು ಬೆಳಕಿನಲ್ಲಿ, ಮೊದಲು ಒತ್ತಕ್ಷರಗಳನ್ನೂ ಆಮೇಲೆ ಗಾಜನ್ನೂ ನೋಡಿ.