ರಸ್ತೆ ನೋಡಿ ಬಂದಿರಿ, ರಸ್ತೆ ಪಕ್ಕ ನೋಡಿದಿರಾ?

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನು ಮುಂದಿನ ವಾರಕ್ಕೆ ಹಾಕಿದೆ. ಕಾರಣ ಒಂದೇ ಒಂದು ಕಾಮೆಂಟ್.

ಶ್ರೀಲಂಕಾದಲ್ಲಿ ಕಾಣೆಯಾದವರ ಬಗ್ಗೆ ಕಳೆದ ವಾರ ವಿಡಿಯೋ ಹಾಕಿದ್ದೆ ಅಲ್ವಾ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ. ಓದುತ್ತೇನೆ, ಕೇಳಿ. "ಸಾರ್, ನಾವು ಫ್ಯಾಮಿಲಿ ಸಮೇತ ಹೋಗಿ ಬಂದಿದ್ದೇವೆ. ಕೊಲಂಬೊದಿಂದ ಜಾಫ್ನಾವರೆಗೂ ರಸ್ತೆ ಬೆಣ್ಣೆ ತರ ಇದೆ. ನಮ್ಮೂರಿಗಿಂತ ಎಷ್ಟೋ ವಾಸಿ. ಜನ ಆರಾಮಾಗಿದ್ದಾರೆ. ಯುದ್ಧ ಮುಗಿದು ಎಷ್ಟು ವರ್ಷ ಆಯಿತು, ನೀವು ಸುಮ್ನೆ ಹಳೇ ಗಾಯ ಕೆರೆಯುತ್ತೀರಿ." ಇದಕ್ಕೆ ನಾನೂರಕ್ಕೂ ಜಾಸ್ತಿ ಲೈಕ್. ಜೊತೆಗೆ ಒಂದು ಫೋಟೋ ಲಿಂಕ್ ಕೊಟ್ಟಿದ್ದಾರೆ. ಕಿಳಿನೊಚ್ಚಿಯ ಯುದ್ಧ ಸ್ಮಾರಕದ ಮುಂದೆ ಮನೆಯವರೆಲ್ಲ ನಿಂತಿದ್ದಾರೆ. ಮಕ್ಕಳು ಚೆನ್ನಾಗಿ ನಗುತ್ತಿದ್ದಾರೆ.

ಸಾರ್, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಒಂದೇ ಪ್ರಶ್ನೆ. ರಸ್ತೆ ನೋಡಿದಿರಿ, ಸರಿ. ರಸ್ತೆ ಪಕ್ಕ ನೋಡಿದಿರಾ?

ನೀವು ಹೇಳುವ ರಸ್ತೆ ಎ9. ಕ್ಯಾಂಡಿಯಿಂದ ಉತ್ತರದ ತಮಿಳರ ಊರು ಜಾಫ್ನಾವರೆಗೆ ಸುಮಾರು 320 ಕಿಲೋಮೀಟರ್. 1983ರಿಂದ 2009ರವರೆಗೆ ಶ್ರೀಲಂಕಾ ಸೇನೆಗೂ ತಮಿಳು ಹುಲಿಗಳಿಗೂ, ಅಂದರೆ ಎಲ್‌ಟಿಟಿಇಗೂ, ನಡೆದ ಯುದ್ಧದಲ್ಲಿ ಅದು ವರ್ಷಗಟ್ಟಲೆ ಮುಚ್ಚಿತ್ತು. 2002ರ ಕದನವಿರಾಮದಲ್ಲಿ ತೆರೆಯಿತು, 2006ರ ಆಗಸ್ಟ್‌ನಲ್ಲಿ ಮತ್ತೆ ಮುಚ್ಚಿತು. ಕೊಲಂಬೊದಿಂದ ಜಾಫ್ನಾಕ್ಕೆ ಹೋಗುವ ಯಾಳ್ ದೇವಿ ರೈಲು 1990ರಲ್ಲಿ ನಿಂತದ್ದು ಜಾಫ್ನಾಕ್ಕೆ ಮತ್ತೆ ಹೋದದ್ದು 2014ರ ಅಕ್ಟೋಬರ್‌ನಲ್ಲಿ. ಹಳಿ ಹಾಕಿದ್ದು ನಮ್ಮ ಸರಕಾರಿ ರೈಲ್ವೆ ಕಂಪನಿ ಇರ್ಕಾನ್, ಸಾಲ ಕೊಟ್ಟಿದ್ದು ಭಾರತ. ಇದನ್ನೆಲ್ಲ ಸಣ್ಣದು ಅಂತ ನಾನು ಹೇಳುವುದಿಲ್ಲ. ಕಾಯಿಲೆ ಬಿದ್ದವರನ್ನು ರೈಲು ಹತ್ತಿಸಿ ಕೊಲಂಬೊ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಆ ಜನಕ್ಕೆ ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು. ಆದರೆ ಅದೇ ರಸ್ತೆಯಲ್ಲಿ ನಾನೂ ಹೋಗಿದ್ದೇನೆ. ಕಾರಿನಲ್ಲಲ್ಲ, ವವುನಿಯಾದಿಂದ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು.

ಕಿಳಿನೊಚ್ಚಿಯಲ್ಲಿ ನೀವು ಫೋಟೋ ತೆಗೆಸಿಕೊಂಡ ಸ್ಮಾರಕ ಏನು ಗೊತ್ತಾ? ದೊಡ್ಡ ಕಾಂಕ್ರೀಟ್ ಗೋಡೆ, ಅದಕ್ಕೆ ನುಗ್ಗಿದ ಫಿರಂಗಿ ಗುಂಡು, ಮೇಲೆ ಅರಳಿದ ಕಮಲ. ಅದು ಗೆದ್ದ ಸೇನೆಯ ಸ್ಮಾರಕ. ಅದೇ ಊರಿನಲ್ಲಿ, ಅದೇ ಎ9 ಬದಿಯಲ್ಲಿ, ಕಂದಸ್ವಾಮಿ ದೇವಸ್ಥಾನದ ಹತ್ತಿರ ಕಾಣೆಯಾದವರ ತಾಯಂದಿರು 2017ರ ಫೆಬ್ರವರಿ 20ರಂದು ಧರಣಿ ಕೂತರು. ಒಂದು ದಿನ ಎರಡು ದಿನದ ಮಾತಲ್ಲ, ವರ್ಷಗಳೇ ಉರುಳಿದವು. ಉತ್ತರ ಸಿಗದೆ ಅವರಲ್ಲಿ ಎಷ್ಟೋ ಜನ ತೀರಿಕೊಂಡರು.

ನಾನು ಹೋದಾಗ ಆ ಧರಣಿಯ ಚಪ್ಪರದೊಳಗೆ ನಾಲ್ಕೈದು ಅಮ್ಮಂದಿರು ಇದ್ದರು. ಗೋಡೆಯ ಬದಲು ಫೋಟೋಗಳು. ನಾನು ಬೆಳೆದ ವಠಾರದಲ್ಲಿ ಅರ್ಧ ಜನ ತಮಿಳಿನವರು, ಹಾಗಾಗಿ ಹರಕುಮುರುಕು ತಮಿಳು ಬರುತ್ತದೆ. ಒಬ್ಬ ಅಮ್ಮ ಟೀ ಕೊಟ್ಟರು. ಹಾಲಿಲ್ಲದ ಟೀ, ಅಂಗೈಯಲ್ಲಿ ತಾಳೆಬೆಲ್ಲದ ಚೂರು, ಕಚ್ಚಿಕೊಂಡು ಕುಡಿಯಬೇಕು. ನಮ್ಮ ಅಜ್ಜಿಯೂ ಬೆಲ್ಲ ಕಚ್ಚಿಕೊಂಡೇ ಕಾಫಿ ಕುಡಿಯುತ್ತಿದ್ದರು, ಅದು ನೆನಪಾಯಿತು. ಮಗನಿಗೆ ಎಷ್ಟು ವಯಸ್ಸು ಅಂತ ಕೇಳಿದೆ. ಫೋಟೋದಲ್ಲಿರುವ ಹುಡುಗನಿಗೆ ಹತ್ತೊಂಬತ್ತು ಇರಬಹುದು. ಅವರು ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದರು, ಈ ಆಡಿ ತಿಂಗಳಿಗೆ ಮೂವತ್ತು ತುಂಬುತ್ತದೆ ಅಂತ. ತುಂಬುತ್ತದೆ ಅಂದರು ಸಾರ್. ತುಂಬುತ್ತಿತ್ತು ಅನ್ನಲಿಲ್ಲ.

"ನಾನೇ ಕೈ ಹಿಡಿದುಕೊಂಡು ಹೋಗಿ ಆರ್ಮಿಗೆ ಒಪ್ಪಿಸಿದೆ." ಅವರ ಮಾತು ಇದು. ವಿಚಾರಣೆ ಮಾಡಿ ಬಿಡುತ್ತೇವೆ ಅಂದರಂತೆ. 2009ರ ಮೇ 18, ಯುದ್ಧದ ಕೊನೆಯ ದಿನ, ವಟ್ಟುವಾಕಲ್ ಸೇತುವೆ ಹತ್ತಿರ ಹಾಗೆ ಒಪ್ಪಿಸಿದವರು ಇವರೊಬ್ಬರೇ ಅಲ್ಲ. ಫಾದರ್ ಫ್ರಾನ್ಸಿಸ್ ಜೋಸೆಫ್ ಅನ್ನುವ ಪಾದ್ರಿ, ಶರಣಾದವರ ಜೊತೆ ತಾವೂ ಬಸ್ ಹತ್ತಿದ್ದನ್ನು ನೋಡಿದವರಿದ್ದಾರೆ. ಆ ಬಸ್ ಎಲ್ಲಿಗೆ ಹೋಯಿತು? ಯಾರೂ ಹೇಳಿಲ್ಲ. ಬಸ್ ಹೋದದ್ದೂ ರಸ್ತೆಯ ಮೇಲೆಯೇ ಅಲ್ವಾ?

ಸರಕಾರ ಏನೂ ಮಾಡಿಲ್ಲ ಅಂತಲ್ಲ, ಆಯೋಗ ಮಾಡಿದೆ. ಆಯೋಗದ ಮೇಲೆ ಆಯೋಗ. 2010ರಲ್ಲಿ ಒಂದು, 2013ರಲ್ಲಿ ಇನ್ನೊಂದು. 2016ರಲ್ಲಿ ಕಾಣೆಯಾದವರ ಕಚೇರಿಗೆ ಕಾನೂನು ಬಂತು, ಅದರ ಕುರ್ಚಿಗಳಿಗೆ ಜನ ಬಂದು ಕೂತದ್ದು 2018ರಲ್ಲಿ. ಪ್ರತಿ ಸಲ ಅದೇ ಅಮ್ಮ, ಅದೇ ಫೋಟೋ, ಅದೇ ಕಥೆ ಹೊಸ ಆಫೀಸರ್ ಮುಂದೆ. 2020ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಗೋಟಬಯ ರಾಜಪಕ್ಸ, ಕಾಣೆಯಾದವರೆಲ್ಲ ಸತ್ತಿದ್ದಾರೆ, ಡೆತ್ ಸರ್ಟಿಫಿಕೇಟ್ ಕೊಡಿಸುತ್ತೇವೆ ಅನ್ನುವ ಅರ್ಥದ ಮಾತು ಹೇಳಿಬಿಟ್ಟರು. ಯುದ್ಧದ ಕೊನೆಯಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದವರೇ ಅವರು. ಸತ್ತಿದ್ದಾರೆ ಅಂತ ನಿಮಗೆ ಗೊತ್ತಿದ್ದರೆ, ಎಲ್ಲಿ, ಯಾವತ್ತು, ಹೇಗೆ ಅನ್ನುವುದೂ ಗೊತ್ತಿರಬೇಕಲ್ಲ! ಅದನ್ನೇ ತಾನೇ ಆ ತಾಯಂದಿರು ಕೇಳುತ್ತಿರುವುದು? ಗಂಡ ಕಾಣೆಯಾದ ಹೆಂಗಸು ಹಣೆಗೆ ಕುಂಕುಮ ಇಡಬೇಕೋ ಅಳಿಸಬೇಕೋ ಗೊತ್ತಾಗದೆ ಬದುಕುತ್ತಾಳೆ. ಇಟ್ಟರೂ ಊರು ಮಾತಾಡುತ್ತದೆ, ಅಳಿಸಿದರೂ ಮಾತಾಡುತ್ತದೆ. ಈ ಕಷ್ಟವನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾ?

ಸರಿ, ಬಸ್ಸು ಮುಂದೆ ಹೋಗಲಿ. ಎಲಿಫೆಂಟ್ ಪಾಸ್ ದಾಟಿದ ಮೇಲೆ ಮುಹಮಾಲೈ. ಅಲ್ಲಿ ವರ್ಷಗಳ ಕಾಲ ಎರಡೂ ಕಡೆಯ ಸೇನೆ ಎದುರುಬದುರು ಕೂತಿತ್ತು, ಮಧ್ಯೆ ಪೂರ್ತಿ ನೆಲಬಾಂಬ್ ಹೂತಿತ್ತು. ಅದನ್ನು ತೆಗೆಯುವವರಲ್ಲಿ ಎಷ್ಟೋ ಜನ ಅದೇ ಸೀಮೆಯ ಹೆಂಗಸರು. ಮುಖಕ್ಕೆ ಗಾಜಿನ ಮುಸುಕು ಹಾಕಿ, ಮಂಡಿಯೂರಿ, ಒಂದೊಂದು ಗೇಣು ಮಣ್ಣನ್ನೂ ಕೆರೆದು ನೋಡಬೇಕು. ಮನೆಗೆ ದುಡಿಯುವ ಗಂಡಸಿಲ್ಲ, ಊರಲ್ಲಿ ಬೇರೆ ಕೆಲಸ ಇಲ್ಲ. ಗಾಯ ಕೆರೆಯಬೇಡಿ ಅಂದಿರಲ್ಲ ಸಾರ್, ಅವರು ದಿನಾ ನೆಲ ಕೆರೆಯುತ್ತಿದ್ದಾರೆ, ಇಲ್ಲದಿದ್ದರೆ ಆಡಲು ಹೋದ ಮಗುವಿನ ಕಾಲು ಹೋಗುತ್ತದೆ. ರಸ್ತೆ ಪಕ್ಕ ಕೆಂಪು ಬೋರ್ಡ್, ಅದರ ಮೇಲೆ ತಲೆಬುರುಡೆ ಚಿತ್ರ. ನೋಡಿದಿರಾ?

ಇನ್ನೂ ಮುಂದೆ. ಜಾಫ್ನಾ ಊರೊಳಗೆ ಹೋಗುವ ಬಾಗಿಲಲ್ಲೇ ಚೆಮ್ಮಣಿ. 1998ರಲ್ಲಿ, ಕೊಲೆ ಕೇಸಿನಲ್ಲಿ ಶಿಕ್ಷೆಯಾದ ಒಬ್ಬ ಸೈನಿಕ ಕೋರ್ಟಿನಲ್ಲೇ ಹೇಳಿದ, ಅಲ್ಲಿ 300ರಿಂದ 400 ಹೆಣ ಹೂತಿದ್ದಾರೆ ಅಂತ. 1999ರಲ್ಲಿ ಅಗೆದರು, 15 ಸಿಕ್ಕವು. ಅಲ್ಲಿಗೆ ನಿಂತಿತು. 2025ರ ಫೆಬ್ರವರಿಯಲ್ಲಿ ಆ ಸೀಮೆಯದೇ ಸ್ಮಶಾನದಲ್ಲಿ ಕಟ್ಟಡಕ್ಕೆ ಅಂತ ಮಣ್ಣು ತೆಗೆಯುವಾಗ ಮೂಳೆ ಬಂತು. ಕೋರ್ಟ್ ಕಣ್ಣೆದುರು ಅಗೆದರು. ಆ ವರ್ಷವೇ 200ಕ್ಕೂ ಹೆಚ್ಚು ಅಸ್ಥಿಪಂಜರ ಹೊರಗೆ ಬಂದವು. ಮಕ್ಕಳದ್ದೂ ಇದ್ದವು. ಜೊತೆಯಲ್ಲಿ ಒಂದು ಸ್ಕೂಲ್ ಬ್ಯಾಗ್. ಒಂದು ಆಟದ ಸಾಮಾನು.

ನಿಮ್ಮ ಬೆಣ್ಣೆಯಂಥ ರಸ್ತೆ ಆ ಜಾಗದ ಹತ್ತಿರವೇ ಹಾದು ಹೋಗುತ್ತದೆ ಸಾರ್.

ಒಂದು ನಿಮಿಷ, ನೀರು ಕುಡಿಯುತ್ತೇನೆ. ಈ ಮಧ್ಯೆ ಚಾನೆಲ್‌ಗೆ ಹೊಸದಾಗಿ ಬಂದವರು ಸಬ್‌ಸ್ಕ್ರೈಬ್ ಆಗಿ, ಗಂಟೆ ಗುರುತು ಒತ್ತಿ. ಇಂಥ ವಿಷಯಕ್ಕೆ ಜಾಹೀರಾತು ಸಿಗುವುದಿಲ್ಲ, ಮೆಂಬರ್ ಆದವರ ದುಡ್ಡಿನಲ್ಲೇ ಇದು ನಡೆಯುತ್ತಿರುವುದು. ಅವರಿಗೆ ಮನಸಾರೆ ಥ್ಯಾಂಕ್ಸ್. ನನ್ನ ಬಸ್ ಪ್ರಯಾಣದ ಪೂರ್ತಿ ರೆಕಾರ್ಡಿಂಗ್ ಮೆಂಬರ್‌ಗಳ ಪುಟದಲ್ಲಿದೆ, ಎರಡು ಗಂಟೆ ಇದೆ, ನಿಧಾನವಾಗಿ ಕೇಳಿ.

ಈಗ ಉಳಿದ ಕಾಮೆಂಟ್‌ಗಳಿಗೆ ಬರೋಣ. "ಎಲ್‌ಟಿಟಿಇ ಏನು ಕಮ್ಮಿನಾ?" ಕಮ್ಮಿ ಅಂತ ಯಾರು ಹೇಳಿದರು? 1990ರ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನು, 70 ಸಾವಿರಕ್ಕೂ ಹೆಚ್ಚು ಜನರನ್ನು, ಉಟ್ಟ ಬಟ್ಟೆಯಲ್ಲಿ ಓಡಿಸಿದ್ದು ಅವರೇ. ಜಾಫ್ನಾದಲ್ಲಿ ಕೊಟ್ಟ ಸಮಯ ಗಂಟೆಗಳ ಲೆಕ್ಕದ್ದು. ಓಡಿಹೋಗಿ ಸೇರಿದ ಪುತ್ತಳಂನಲ್ಲಿ ಆ ಜನರ ಒಂದು ತಲೆಮಾರೇ ಬೆಳೆದು ದೊಡ್ಡದಾಯಿತು. ಮನೆಗೊಬ್ಬ ಹುಡುಗ ಅಂತ ಎಳೆದುಕೊಂಡು ಹೋಗಿ ಮಕ್ಕಳ ಕೈಗೆ ಬಂದೂಕು ಕೊಟ್ಟವರು, ಕೊನೆಯಲ್ಲಿ ತಪ್ಪಿಸಿಕೊಂಡು ಓಡುವ ತಮಿಳರಿಗೇ ಗುಂಡು ಹೊಡೆದವರು ಅವರು. ರಾಜೀವ್ ಗಾಂಧಿ ಕೊಲೆ ಆದ ಮೇಲೆ 1991ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆ ಮನೆಯಲ್ಲಿ ಶಿವರಾಸನ್ ಗುಂಪು ಸತ್ತುಬಿದ್ದದ್ದನ್ನು ನೆನಪಿಟ್ಟುಕೊಂಡವರು ಇಲ್ಲೇ ಇದ್ದಾರೆ. ಎಲ್ಲ ಒಪ್ಪಿದೆ. ಆದರೆ ಹುಲಿಗಳು ಮಗನನ್ನು ಒಂದು ಸಲ ಎಳೆದುಕೊಂಡು ಹೋದರು, ಉಳಿದು ಬಂದವನನ್ನು ಸೇನೆ ಇನ್ನೊಂದು ಸಲ ಕರೆದುಕೊಂಡು ಹೋಯಿತು. ಎರಡು ಸಲ ಕಳೆದುಕೊಂಡ ತಾಯಿಗೆ "ಅವರೂ ಕೆಟ್ಟವರು" ಅನ್ನುವುದು ಉತ್ತರವಾ? ಎಂಥ ಮಾತು ಇದು!

"ನಮಗೇನು ಸಂಬಂಧ?" 1987ರಿಂದ 1990ರವರೆಗೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿತ್ತು, ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಸತ್ತರು. ಜಾಫ್ನಾ ಆಸ್ಪತ್ರೆಯೊಳಗೆ 1987ರ ಅಕ್ಟೋಬರ್‌ನಲ್ಲಿ ಡಾಕ್ಟರು, ನರ್ಸು, ರೋಗಿಗಳು ಸತ್ತದ್ದು ನಮ್ಮ ಸೈನಿಕರ ಗುಂಡಿಗೆ. ಇವತ್ತಿಗೂ ತಮಿಳುನಾಡಿನ ಟ್ರಾಲರ್ ದೋಣಿಗಳು ಆ ಕಡೆ ಹೋಗಿ ಕಡಲ ತಳವನ್ನೇ ಬಾಚುತ್ತವೆ. ಯುದ್ಧದಲ್ಲಿ ಕಡಲಿಗೇ ಇಳಿಯಲಾಗದೆ ಕೂತಿದ್ದ ಜಾಫ್ನಾ ಬೆಸ್ತರ ಬಲೆ ಈಗ ನಮ್ಮವರ ದೋಣಿಗೆ ಸಿಕ್ಕಿ ಹರಿಯುತ್ತಿದೆ. ಸಂಬಂಧ ಇಲ್ಲ ಅನ್ನಲು ನಾಚಿಕೆ ಆಗಬೇಕು.

"ಜನ ಆರಾಮಾಗಿದ್ದಾರೆ." ಯಾರನ್ನು ಕೇಳಿದಿರಿ? ಹೋಟೆಲ್ ರಿಸೆಪ್ಷನ್‌ನಲ್ಲಿ ಇದ್ದವರನ್ನಾ? ಕಾಂಕೇಸನ್‌ತುರೈ ಕಡಲ ತೀರದಲ್ಲಿ ಸೇನೆಯೇ ಹೋಟೆಲ್ ನಡೆಸುತ್ತದೆ. ಆ ಸುತ್ತಿನ ಹಳ್ಳಿಗಳ ಜನ 1990ರಲ್ಲಿ ಮನೆ ಬಿಟ್ಟವರು. ಸೇನೆ ಹಿಡಿದಿಟ್ಟ ಜಮೀನು ಕೆಲವರಿಗೆ ವಾಪಸ್ ಬಂದಿದೆ, ಎಷ್ಟೋ ಜನರಿಗೆ ಬಂದಿಲ್ಲ. ತಂತಿಬೇಲಿಯ ಈ ಕಡೆ ನಿಂತು ತಮ್ಮದೇ ಬಾವಿ ನೋಡುತ್ತಾರೆ. ಮೈಕ್ರೋಫೈನಾನ್ಸ್‌ನವರು ವಾರದ ಕಂತಿಗೆ ವಿಧವೆಯರ ಬಾಗಿಲಿಗೆ ಬಂದು ಕೂರುತ್ತಾರೆ. ನಮ್ಮಲ್ಲೂ ಇದೇ ಕಾಟಕ್ಕೆ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು, ಆ ಅವಮಾನ ಏನು ಅಂತ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಮೇಲಿಂದ 2022ರಲ್ಲಿ ದೇಶವೇ ದಿವಾಳಿ, ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ.

ಆ 2022ರಲ್ಲೇ ನನ್ನ ಎದೆ ತುಂಬಿದ ಒಂದು ದಿನ ಇದೆ. ಯುದ್ಧದ ಕೊನೆಯಲ್ಲಿ ಮುಳ್ಳಿವಾಯ್ಕಾಲ್‌ನ ಸಣ್ಣ ಮರಳುಪಟ್ಟಿಯಲ್ಲಿ ಸಿಕ್ಕಿಕೊಂಡ ಜನಕ್ಕೆ ಇದ್ದದ್ದು ಅಕ್ಕಿ ಗಂಜಿ ಮಾತ್ರ. ಆ ಕೊನೆಯ ತಿಂಗಳುಗಳಲ್ಲಿ 40,000 ನಾಗರಿಕರವರೆಗೆ ಸತ್ತಿರಬಹುದು ಅಂತ 2011ರಲ್ಲಿ ವಿಶ್ವಸಂಸ್ಥೆಯ ತಜ್ಞರು ಬರೆದರು. ಅದಕ್ಕೇ ಪ್ರತಿ ಮೇ ತಿಂಗಳು ತಮಿಳರು ಗಂಜಿ ಬೇಯಿಸಿ ಹಂಚುತ್ತಾರೆ. 2022ರ ಮೇ 18ರಂದು ಕೊಲಂಬೊದ ಗಾಲ್ ಫೇಸ್‌ನಲ್ಲಿ, ಗೋಟಬಯ ವಿರುದ್ಧ ಸೇರಿದ್ದ ಬಹುಸಂಖ್ಯಾತ ಸಿಂಹಳ ಹುಡುಗರ ನಡುವೆ ಅದೇ ಗಂಜಿ ಹಂಚಿದರು. ಅವರೂ ಕುಡಿದರು. ಆದರೆ ಎರಡೇ ವರ್ಷ ಕಳೆದು 2024ರ ಮೇ ತಿಂಗಳಲ್ಲಿ, ತ್ರಿಂಕೋಮಲಿ ಹತ್ತಿರ ಸಂಪೂರ್‌ನಲ್ಲಿ ಗಂಜಿ ಕಾಯಿಸಿದ ಹೆಂಗಸರನ್ನು ಪೊಲೀಸರು ಹಿಡಿದುಕೊಂಡು ಹೋದರು. ಗಂಜಿಗೆ! ಅಕ್ಕಿ, ನೀರು, ಉಪ್ಪು!

"ಈಗ ಹೊಸ ಸರಕಾರ ಬಂದಿದೆ." ಬಂದಿದೆ, 2024ರಲ್ಲಿ. ಅಧ್ಯಕ್ಷ ಅನುರ ಕುಮಾರ ದಿಸಾನಾಯಕ ಅವರ ಕೂಟಕ್ಕೆ ಸಂಸತ್ತಿನ 225ರಲ್ಲಿ 159 ಸೀಟು, ಜಾಫ್ನಾ ಜಿಲ್ಲೆಯಲ್ಲೂ ಅವರೇ ಮೊದಲು. ಅವರ ಪಕ್ಷ ಜೆವಿಪಿಯ ಸಾವಿರಾರು ಸಿಂಹಳ ಹುಡುಗರು ಸರಕಾರದ ವಿರುದ್ಧದ 1987ರಿಂದ 89ರ ದಂಗೆಯಲ್ಲಿ ಹೀಗೇ ಕಾಣೆಯಾದವರು. ಹಾಗಾದರೆ ಅವರಿಗೆ ಇನ್ನಷ್ಟು ಬೇಗ ಅರ್ಥ ಆಗಬೇಕು! ಅವತ್ತು ಶರಣಾಗಿ ಬಸ್ ಹತ್ತಿದವರ ಪಟ್ಟಿ ತೆಗೆಯಿರಿ. ಅಷ್ಟೇ. ಪಟ್ಟಿ ತೆಗೆಯಲು ಡಾಂಬರು ಬೇಡ, ಜಲ್ಲಿ ಬೇಡ, ಇರ್ಕಾನ್ ಬೇಡ.

ನಾನು ಬರೆದುಕೊಂಡದ್ದು ಇಲ್ಲಿಗೆ ಮುಗಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ರಸ್ತೆ, ರಸ್ತೆ, ರಸ್ತೆ. ಯಾರು ಹೋಗಿ ಬಂದರೂ ಅದೇ ಮಾತು. ಅಲ್ಲ ಸಾರ್, ನಿಮ್ಮ ಮನೆಯಲ್ಲೇ ಒಂದು ಮಗು ಸಂಜೆ ಅರ್ಧ ಗಂಟೆ ತಡವಾಗಿ ಬಂದರೆ ಗೇಟಿನ ಹತ್ತಿರ ನಿಲ್ಲುತ್ತೀರಲ್ಲ, ಆಗ ಬೀದಿಗೆ ಕಾಂಕ್ರೀಟ್ ಹಾಕಿದ್ದಾರೋ ಇಲ್ಲವೋ ನೋಡುತ್ತೀರಾ?

ನೀವು ಕಳಿಸಿದ ಫೋಟೋಗೆ ಮತ್ತೆ ಬರುತ್ತೇನೆ. ಕಿಳಿನೊಚ್ಚಿಯಲ್ಲಿ ಕಾರು ನಿಲ್ಲಿಸಿದ್ದೀರಿ, ಇನ್ನೂ ಫೋಟೋ ತೆಗೆದಿರುತ್ತೀರಿ. ದೇವಸ್ಥಾನದ ಬದಿಯದ್ದು ಯಾವುದಾದರೂ ಇದೆಯಾ, ಇವತ್ತು ರಾತ್ರಿ ಫೋನ್ ತೆಗೆದು ಹುಡುಕಿ. ಇದ್ದರೆ ಎರಡು ಬೆರಳಿಟ್ಟು ದೊಡ್ಡದು ಮಾಡಿ. ಹಿಂದೆ ಎಲ್ಲಾದರೂ ಫೋಟೋ ಹಿಡಿದು ಕೂತ ಹೆಂಗಸರು ಕಾಣುತ್ತಾರಾ ನೋಡಿ, ಕಂಡರೆ ಇಲ್ಲೇ ಕೆಳಗೆ ಬರೆಯಿರಿ. ನಿಮ್ಮ ಕಾಮೆಂಟನ್ನೇ ನಾನು ಪಿನ್ ಮಾಡುತ್ತೇನೆ.