ಗುಂಗುರು ಕೂದಲಿಗೆ ಮೊದಲು ನೀರು

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಗುಂಗುರು ಕೂದಲಿನವರಿಗೆ ಇನ್ನೂ ಒಂದು ಕಷ್ಟ ಇದೆ. ಬೆಳಿಗ್ಗೆ ಬಾಚಿ ಕಟ್ಟಿದ ತಲೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹತ್ತಿಯ ಹಾಗೆ ಉಬ್ಬಿ ನಿಂತಿರುತ್ತದೆ. ನಾನೂ ಅಂಥ ಕೂದಲಿನವಳೇ. ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಈಗ ಸಂಸಾರ ಮಂಗಳೂರಿನಲ್ಲಿ. ಎರಡೂ ಕಡೆ ಸಾಮಾನ್ಯವಾಗಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆ ಇಲ್ಲದಾಗಲೂ ಕಡಲ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಈ ಊರಲ್ಲಿ ಈ ಕೂದಲನ್ನು ನೋಡಿಕೊಳ್ಳಲು ನಾನು ಕಲಿತದ್ದನ್ನು ಇವತ್ತು ಹೇಳುತ್ತೇನೆ. ಗುಂಗುರು ಕೂದಲಿನ ಮಕ್ಕಳಿರುವ ಅಮ್ಮಂದಿರು ಸ್ವಲ್ಪ ಹತ್ತಿರ ಬಂದು ಕೇಳಿ.

ನಾನು ಸಣ್ಣವಳಿದ್ದಾಗ ಶಾಲೆಗೆ ಹೊರಡುವ ಮುಂಚೆ ಅಮ್ಮ ನನ್ನನ್ನು ಜಗಲಿಯ ಮೆಟ್ಟಿಲಲ್ಲಿ ಕೂರಿಸಿ ಬಾಚುತ್ತಿದ್ದರು. ಒಣ ಕೂದಲು, ಸಣ್ಣ ಹಲ್ಲಿನ ಬಾಚಣಿಗೆ, ನೆತ್ತಿಯಿಂದ ಒಂದೇ ಎಳೆತ. ಬಾಚಣಿಗೆ ಅರ್ಧದಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಅಮ್ಮ ಇನ್ನೂ ಜೋರಾಗಿ ಎಳೆಯುತ್ತಿದ್ದರು. ನನ್ನ ಕಣ್ಣಲ್ಲಿ ನೀರು. ಅಮ್ಮನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರದು ನೇರ ಕೂದಲು. ತನ್ನ ತಲೆಗೆ ಮಾಡಿದ್ದನ್ನೇ ನನ್ನ ತಲೆಗೂ ಮಾಡಿದರು. ಈಗಲೂ ಎಷ್ಟೋ ಮನೆಗಳಲ್ಲಿ ಆಗುವುದು ಅದೇ ಅಲ್ವಾ? ನೇರ ಕೂದಲಿನ ಆರೈಕೆಯನ್ನೇ ಗುಂಗುರು ಕೂದಲಿಗೂ ಮಾಡುತ್ತೇವೆ. ಅದು ಒಗ್ಗದಿದ್ದಾಗ, ನಿನ್ನ ಕೂದಲೇ ಸರಿ ಇಲ್ಲ ಅಂತ ಮಗುವಿಗೆ ಹೇಳುತ್ತೇವೆ.

ಕೂದಲು ಗುಂಗುರಾಗುವುದು ಬುಡದಲ್ಲೇ. ಚರ್ಮದೊಳಗೆ ಕೂದಲು ಹುಟ್ಟುವ ಸಣ್ಣ ಗೂಡು ನೇರವಾಗಿದ್ದರೆ ಕೂದಲು ನೇರ, ಬಾಗಿದ್ದರೆ ಸುರುಳಿ. ನೆತ್ತಿಯಲ್ಲಿ ಜಿನುಗುವ ಎಣ್ಣೆ ನೇರ ಕೂದಲಿನ ಮೇಲೆ ಸಲೀಸಾಗಿ ತುದಿ ತನಕ ಇಳಿಯುತ್ತದೆ. ಸುರುಳಿಯ ಮೇಲೆ ಅದಕ್ಕೆ ಘಾಟಿಯ ತಿರುವು ಇಳಿದ ಹಾಗೆ, ಅರ್ಧ ದಾರಿಯಲ್ಲೇ ಉಳಿಯುತ್ತದೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣ. ಗುಂಗುರು ಕೂದಲು ಒಣಗುವ ಕೂದಲು. ಇದೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಮಳೆಗಾಲದಲ್ಲಿ ಉಬ್ಬುವುದೂ ಇದರಿಂದಲೇ. ಪ್ರತಿ ಕೂದಲಿನ ಮೈಮೇಲೆ ನಮ್ಮ ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಪದರಗಳಿರುತ್ತವೆ. ಕೂದಲು ಒಣಗಿ ಸೊರಗಿದರೆ ಹಂಚು ಎದ್ದ ಮನೆಯ ಹಾಗೆ, ಹೊರಗಿನ ತೇವ ಒಳಗೆ ಇಳಿಯುತ್ತದೆ. ಒಳಗಿನ ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ನೀರು ತಾಗಿದರೆ ಬಿಡುತ್ತವೆ, ಒಣಗಿದಾಗ ಮತ್ತೆ ಕೂಡುತ್ತವೆ. ಮನೆಯಲ್ಲಿ ಬಿಸಿ ಯಂತ್ರದಿಂದ ನೇರ ಮಾಡಿಕೊಂಡ ಕೂದಲು ನಾಲ್ಕು ಹನಿ ಮಳೆಗೆ ಮತ್ತೆ ಸುರುಳಿಯಾಗುವುದು ಅದಕ್ಕೇ.

ನೇರ ಮಾಡಿಸುವ ಆಸೆ ನನಗೂ ಇತ್ತು. ಇಪ್ಪತ್ತಮೂರನೇ ವಯಸ್ಸಿನಲ್ಲಿ, ಅಕ್ಕನ ಮದುವೆಗೆ ವಾರ ಇರುವಾಗ, ಒಂದು ಪಾರ್ಲರಿಗೆ ಹೋದೆ. ತಲೆಗೆ ಏನೋ ಹಚ್ಚಿ, ಬಿಸಿ ಪಟ್ಟಿಯಲ್ಲಿ ಒತ್ತಿ ಎಳೆದರು. ಹೊಗೆ ಎದ್ದಿತು, ಕಣ್ಣು ಗಂಟಲು ಉರಿಯಿತು. ಬಾಟಲಿಯಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂಥ ಕೆಲವು ದ್ರಾವಣಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮಾಡಿಸುವವರು ಏನು ಹಚ್ಚುತ್ತೀರಿ ಅಂತ ಕೇಳಿಯೇ ಕುರ್ಚಿಯಲ್ಲಿ ಕೂರಿ. ಮಕ್ಕಳಿಗಂತೂ ಬೇಡವೇ ಬೇಡ.

ಮದುವೆಯ ದಿನ ಒಂದು ಚೆಂಡು ಶಂಕರಪುರ ಮಲ್ಲಿಗೆ ಮುಡಿದೆ. ಆ ನುಣ್ಣನೆಯ ಕೂದಲಲ್ಲಿ ಹೂ ನಿಲ್ಲಲಿಲ್ಲ. ನಾಲ್ಕು ಪಿನ್ ಹಾಕಿದರೂ ಜಾರಿ ಬೆನ್ನಿಗೆ ಬಂತು. ಅದಕ್ಕೂ ಮುಂಚೆ ನನ್ನ ಜಡೆಗೆ ಸಿಕ್ಕಿಸಿದ ಮಲ್ಲಿಗೆ ರಾತ್ರಿ ಮಲಗುವ ತನಕ ಅಲ್ಲಾಡುತ್ತಿರಲಿಲ್ಲ. ಆಮೇಲೆ ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬುಡದಿಂದ ಸುರುಳಿ ಬರತೊಡಗಿತು. ಹಳತು ಹೊಸತು ಕೂಡುವ ಜಾಗದಲ್ಲಿ ಕೂದಲು ಪಟಪಟನೆ ತುಂಡಾಯಿತು. ಪೂರ್ತಿ ನನ್ನ ಕೂದಲು ಮರಳಲು ಎರಡು ವರ್ಷ ಬೇಕಾಯಿತು.

ಈಗ ತಲೆ ಮೀಯುವ ವಿಷಯಕ್ಕೆ ಬರುತ್ತೇನೆ. ಮೊದಲು ಎಣ್ಣೆ. ತೆಂಗಿನೆಣ್ಣೆಯ ಬಗ್ಗೆ ನಮ್ಮ ಅಜ್ಜಿಯರು ಹೇಳಿದ್ದು ಸರಿಯೇ. ಮುಂಬಯಿಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿ 2003ರಲ್ಲಿ ಬರೆದರು. ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾದದ್ದು. ಕೂದಲಿನ ಒಳಕ್ಕೇ ಇಳಿಯುತ್ತದೆ. ಆದರೆ ಹಚ್ಚುವ ಹೊತ್ತು ಮುಖ್ಯ. ಮಿಂದ ಮೇಲಲ್ಲ, ಮೀಯುವ ಒಂದೆರಡು ಗಂಟೆ ಮುಂಚೆ. ನೆತ್ತಿಗಿಂತ ತುದಿಗೆ ಜಾಸ್ತಿ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ, ಹೊಟ್ಟು ಹೆಚ್ಚಬಹುದು.

ನಮ್ಮ ಹಿತ್ತಿಲಿನ ದಾಸವಾಳದ ಗೊಂಪನ್ನು, ತಲೆಗೆ ಹಚ್ಚುವ ಆ ಎಲೆಯ ಲೋಳೆಯನ್ನು, ಯಾಕೆ ಬಿಟ್ಟೆವೋ! ಗುಂಗುರು ಕೂದಲಿಗೆಂದೇ ಮಾಡಿದ ಹಾಗಿದೆ ಅದು. ನನ್ನ ಅಜ್ಜಿ ಬಾವಿಕಟ್ಟೆಯ ಬದಿಯಲ್ಲಿ ಕೂತು ಎರಡು ಹಿಡಿ ಎಲೆಯನ್ನು ಪಾತ್ರೆಯ ನೀರಿಗೆ ಹಾಕಿ ಕಿವುಚುತ್ತಿದ್ದರು. ಮೊದಮೊದಲು ನೀರು ಸುಮ್ನೆ ಹಸಿರಾಗುತ್ತದೆ, ಎಲೆ ಗರಗರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಎಲೆ ಅಂಗೈಯಲ್ಲಿ ಜಾರತೊಡಗುತ್ತದೆ, ಬೆರಳ ಸಂದಿಯಲ್ಲಿ ಸಣ್ಣ ನೊರೆ ಏಳುತ್ತದೆ. ಇನ್ನೂ ಕಿವುಚಿ ಕೈ ಎತ್ತಿದರೆ ಲೋಳೆ ನೂಲಿನ ಹಾಗೆ ಇಳಿಯಬೇಕು. ಆಗ ಗೊಂಪು ಆಯಿತು ಅಂತ ಲೆಕ್ಕ. ಹಳೇ ಬಟ್ಟೆಯಲ್ಲಿ ಸೋಸಲೇಬೇಕು. ಇಲ್ಲದಿದ್ದರೆ ಎಲೆಯ ಚೂರು ಸುರುಳಿಯೊಳಗೆ ಸೇರಿ ಎರಡು ದಿನವಾದರೂ ಹೊರಗೆ ಬರುವುದಿಲ್ಲ.

ಗೊಂಪು ತಲೆಯಲ್ಲಿ ಇರುವಾಗಲೇ ಸಿಕ್ಕು ಬಿಡಿಸಬೇಕು. ಪುರುಸೊತ್ತಿಲ್ಲದವರು ಶಾಂಪೂ ಆದ ಮೇಲೆ ಅಂಗಡಿಯ ಕಂಡೀಷನರ್ ಹಚ್ಚಿ ಬಿಡಿಸಿ. ಕೂದಲು ಜಾರುವ ಹಾಗಾದರೆ ಸಾಕು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ಶುರು ಮಾಡಬೇಕಾದದ್ದು ತುದಿಯಿಂದ. ತುದಿಯ ನಾಲ್ಕು ಬೆರಳಷ್ಟು ಬಿಡಿಸಿ, ಮತ್ತೆ ಅದರ ಮೇಲಿನ ನಾಲ್ಕು ಬೆರಳು, ಹಾಗೆ ಹತ್ತಿಕೊಂಡು ಹೋಗಿ. ಗಂಟು ಸಿಕ್ಕಿದರೆ ಅದರ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಎಳೆತ ನಿಮ್ಮ ಮುಷ್ಟಿಗೆ ಬೀಳುತ್ತದೆ, ಮಗುವಿನ ನೆತ್ತಿಗೆ ಬೀಳುವುದಿಲ್ಲ. ಒಣ ಗುಂಗುರು ಕೂದಲನ್ನು ಬಾಚಲೇಬೇಡಿ.

ಹೀಗೆ ವಾರಕ್ಕೆ ಒಂದೆರಡು ಸಲ ಮಾತ್ರ ಬಾಚುವಾಗ ಕೈತುಂಬ ಕೂದಲು ಬರುತ್ತದೆ. ನೋಡಿ ಹೆದರಬೇಡಿ. ಯಾರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನೇರ ಕೂದಲಿನವರದು ನೆಲಕ್ಕೆ ಬಿದ್ದು ಹೋಗುತ್ತದೆ. ನಮ್ಮದು ಸುರುಳಿಯೊಳಗೆ ಸಿಕ್ಕಿಕೊಂಡಿದ್ದು ಬಾಚುವ ದಿನ ಒಟ್ಟಿಗೆ ಹೊರಗೆ ಬರುತ್ತದೆ, ಅಷ್ಟೇ. ನೆತ್ತಿಯಲ್ಲಿ ಅಲ್ಲಲ್ಲಿ ಬೋಳಾಗುತ್ತಿದ್ದರೆ ಅದು ಬೇರೆ, ಚರ್ಮದ ಡಾಕ್ಟರಿಗೆ ತೋರಿಸಿ.

ಒರೆಸುವುದಕ್ಕೆ ನಮ್ಮ ಬೈರಾಸಿಗಿಂತ, ಅಂದರೆ ತೆಳು ಹತ್ತಿಯ ಮೈ ಒರೆಸುವ ಬಟ್ಟೆಗಿಂತ, ಒಳ್ಳೆಯದು ಇನ್ನೊಂದಿಲ್ಲ. ದಪ್ಪ ಟರ್ಕಿ ಟವೆಲಿನ ಎಳೆಗಳು ಕೂದಲಿನ ಪದರವನ್ನು ಎಬ್ಬಿಸುತ್ತವೆ. ಹಳತಾಗಿ ಮೆತ್ತಗಾದ ಬೈರಾಸು ನೀರನ್ನು ಮಾತ್ರ ಹೀರುತ್ತದೆ. ತಲೆ ಬಗ್ಗಿಸಿ, ಬೈರಾಸಿನಲ್ಲಿ ಕೂದಲನ್ನು ಕೆಳಗಿನಿಂದ ಮೇಲೆ ತುಂಬಿಕೊಂಡು, ಅಂಗೈಯಲ್ಲಿ ಮೆಲ್ಲ ಅಮುಕಿ. ತಿಕ್ಕಬೇಡಿ, ಕೊಡವಬೇಡಿ. ಆಮೇಲೆ ಒಣಗುವ ತನಕ ಮುಟ್ಟದೆ ಬಿಡಿ. ಮಳೆಗಾಲದಲ್ಲಿ ಒಣಗುವುದಿಲ್ಲ ಅಂತ ಒದ್ದೆಯನ್ನೇ ಕಟ್ಟಿದರೆ ವಾಸನೆ, ತುರಿಕೆ. ಅಂಥ ದಿನ ಫ್ಯಾನಿನ ಕೆಳಗೆ ಕೂರಿ, ಇಲ್ಲವೇ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರ ಹಿಡಿಯಿರಿ.

ಇನ್ನೆರಡು ಸಣ್ಣ ಮಾತು. ಮೈಗೆ ಹಚ್ಚುವ ಸಾಬೂನು ಕ್ಷಾರದ್ದು, ತಲೆಗೆ ಬೇಡ. ದಿಂಬಿಗೆ ಹಳೇ ರೇಷ್ಮೆ ಸೀರೆಯ ತುಂಡು ಹೊಲಿದು ಹಾಕಿದರೆ ಬೆಳಿಗ್ಗೆ ಸಿಕ್ಕು ಕಡಿಮೆ.

ನನ್ನ ಮಗಳದ್ದೂ ಇದೇ ಕೂದಲು. ಒಂದನೇ ಕ್ಲಾಸಿನಲ್ಲಿ ಯಾರೋ ಕಾಗೆಗೂಡು ಅಂದರು ಅಂತ ಅತ್ತುಕೊಂಡು ಬಂದಿದ್ದಳು. ಆ ರಜೆಯಲ್ಲಿ ಅವಳನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಬೆಟ್ಟದ ಮೆಟ್ಟಿಲು ಹತ್ತಿ ಗೊಮ್ಮಟನ ಮುಂದೆ ನಿಂತು ಕತ್ತೆತ್ತಿ ನೋಡಿದಳು. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿಯ ಒಂದೇ ಕಲ್ಲಿನ ಮೂರ್ತಿ. ಅದರ ತಲೆಯ ತುಂಬ ಗುಂಗುರು. ಶಿಲ್ಪಿ ಒಂದೊಂದು ಸುರುಳಿಯನ್ನೂ ತಾಳ್ಮೆಯಿಂದ ಕಡೆದಿದ್ದಾನೆ. "ಅಮ್ಮಾ, ನನ್ನ ಕೂದಲು!" ಅಂದಳು. ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮುಂಗುರುಳು ಅನ್ನುವ ಪದ ಹೇಳಿಕೊಟ್ಟೆ. ಹಣೆಯ ಮೇಲೆ ಬೀಳುವ ಕೂದಲಿಗೆ ಹೆಸರಿಡುವಾಗ ಕನ್ನಡದವರು ಸುರುಳಿಯನ್ನೇ ನೆನೆದರು ನೋಡು ಅಂದೆ.

ಈಗ ಶಾಲೆಯ ದಿನ ಬೆಳಿಗ್ಗೆ ಏಳಕ್ಕೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಅವಳೇ ಬಂದು ಕೂರುತ್ತಾಳೆ. ಕೂದಲು ಒದ್ದೆ ಮಾಡಿ, ಬೆರಳಲ್ಲೇ ಬಿಡಿಸಿ, ಎರಡು ಜಡೆ ಹೆಣೆಯುತ್ತೇನೆ. ಹತ್ತು ನಿಮಿಷ ಸಾಕು, ಅಳು ಇಲ್ಲ. ಹಣೆಯ ಹತ್ತಿರದ ಎರಡು ಮುಂಗುರುಳಿಗೆ ಮಾತ್ರ ಕ್ಲಿಪ್ ಹಾಕಬೇಡ ಅನ್ನುತ್ತಾಳೆ. ನಾನು ಹಾಕುವುದಿಲ್ಲ.

ನಮಸ್ಕಾರ.